ಓಡುವ ಗಡಿಯಾರ ನಿಧಾನ ಅಂದರೆ ಏನು? 3-4-5ರ ಲೆಕ್ಕದಲ್ಲಿ ಟೈಮ್ ಡೈಲೇಶನ್

ಟೈಮ್ ಡೈಲೇಶನ್, ಅಂದರೆ ಕಾಲದ ಹಿಗ್ಗುವಿಕೆಯ ಸೂತ್ರ ನನಗೆ ಕಾಲೇಜಿನಲ್ಲೇ ಬಾಯಿಪಾಠ ಆಗಿತ್ತು. ಅರ್ಥ ಆಗಿದ್ದು ಎಷ್ಟೋ ವರ್ಷ ಆದ ಮೇಲೆ. ಅಲ್ಲಿವರೆಗೂ ಒಂದೇ ಪ್ರಶ್ನೆ ಕಾಡುತ್ತಿತ್ತು. ನಾನು ಅಳೆದರೆ ನಿನ್ನ ಗಡಿಯಾರ ನಿಧಾನ, ನೀನು ಅಳೆದರೆ ನನ್ನದು ನಿಧಾನ, ಎರಡೂ ಒಟ್ಟಿಗೆ ನಿಜ ಆಗುವುದು ಹೇಗೆ? ಪುಸ್ತಕಗಳು ಇದಕ್ಕೆ "ಎಲ್ಲವೂ ಸಾಪೇಕ್ಷ" ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಿದ್ದವು. ಆ ಒಂದು ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಜಾಸ್ತಿ ಜಾಗ ಕೊಟ್ಟಿರುವುದು ಆ ಪ್ರಶ್ನೆಗೇ.

ಬೇಕಾಗಿರುವುದು ಒಂದು ಹಾಳೆ, ಪೆನ್ಸಿಲ್, ಫೋನಿನ ಕ್ಯಾಲ್ಕುಲೇಟರ್. ಓದಿಕೊಂಡು ಹೋದರೆ ಸಾಲದು, ಲೆಕ್ಕವನ್ನು ಕೈಯಾರೆ ಮಾಡಿ. ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ ವೇಗ ಇಟ್ಟುಕೊಂಡಿದ್ದೇನೆ: ಬೆಳಕಿನ ವೇಗದ 0.6 ಪಾಲು. ಈ ವೇಗಕ್ಕೆ ಅಂಕಿಗಳು ಅಚ್ಚುಕಟ್ಟಾಗಿ ಬರುತ್ತವೆ.

ಹಂತ 1: ಕಾಣುವುದು ಬೇರೆ, ಅಳೆಯುವುದು ಬೇರೆ

ಗುಡುಗು ಕೇಳಿಸಿದ ಕ್ಷಣದಲ್ಲೇ ಸಿಡಿಲು ಬಡಿಯಿತು ಅಂತ ಯಾರೂ ಹೇಳುವುದಿಲ್ಲ. ಸದ್ದು ಬಂದು ಮುಟ್ಟಲು ಹಿಡಿದ ಹೊತ್ತನ್ನು ಕಳೆದು ಲೆಕ್ಕ ಹಾಕುತ್ತೇವೆ. ಬೆಳಕಿಗೂ ಹಾಗೇ ಮಾಡಬೇಕು. ನಿಮ್ಮ ಕಡೆ ಬರುತ್ತಿರುವ ಗಡಿಯಾರ ಕಣ್ಣಿಗೆ ಜೋರಾಗಿ ಓಡುತ್ತಿರುವ ಹಾಗೆ ಕಾಣುತ್ತದೆ, ದೂರ ಹೋಗುತ್ತಿರುವುದು ನಿಧಾನವಾಗಿ ಕಾಣುತ್ತದೆ. ಅದರಲ್ಲಿ ದೊಡ್ಡ ಪಾಲು ಬೆಳಕಿನ ಪ್ರಯಾಣದ ಕರಾಮತ್ತು. ಆ ಪಾಲನ್ನು ಪೂರ್ತಿ ಕಳೆದ ಮೇಲೂ ಏನು ಉಳಿಯುತ್ತದೋ ಅದು ಟೈಮ್ ಡೈಲೇಶನ್.

ಅದಕ್ಕೇ ಸಾಪೇಕ್ಷತೆಯಲ್ಲಿ, ಅಂದರೆ ಐನ್‌ಸ್ಟೈನ್‌ನ ಈ ಸಿದ್ಧಾಂತದಲ್ಲಿ, "ನೋಡುಗ" ಅಂದಾಗ ಒಂದು ಜೊತೆ ಕಣ್ಣು ಅಂತ ತಿಳಿಯಬೇಡಿ. ದಾರಿಯುದ್ದಕ್ಕೂ ಕಂಬ ನೆಟ್ಟು, ಪ್ರತಿ ಕಂಬಕ್ಕೂ ಒಂದು ಗಡಿಯಾರ ಕಟ್ಟಿ, ಎಲ್ಲವನ್ನೂ ಒಂದೇ ಸಮಕ್ಕೆ ಹೊಂದಿಸಿಟ್ಟಿದ್ದಾರೆ ಅಂತ ಊಹಿಸಿಕೊಳ್ಳಿ. ಏನಾದರೂ ನಡೆದರೆ, ನಡೆದ ಜಾಗದಲ್ಲೇ ಇರುವ ಕಂಬದ ಗಡಿಯಾರ ನೋಡಿ ಬರೆದುಕೊಳ್ಳುವುದು. ಆಗ ಬೆಳಕು ತಡವಾಗಿ ಬಂತು ಅನ್ನುವ ಮಾತೇ ಏಳುವುದಿಲ್ಲ. ಈ ಕಂಬಗಳ ಸಾಲನ್ನು ಮರೆಯಬೇಡಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಹಂತ 2: ಒಪ್ಪಿಕೊಳ್ಳಬೇಕಾದ ಎರಡು ಮಾತು

1905ರಲ್ಲಿ ಐನ್‌ಸ್ಟೈನ್ ಈ ಸಿದ್ಧಾಂತಕ್ಕೆ ಇಟ್ಟುಕೊಂಡಿದ್ದು ಎರಡೇ ಆಧಾರ. ಒಂದು: ಒಂದೇ ವೇಗದಲ್ಲಿ ನೇರವಾಗಿ ಹೋಗುತ್ತಿರುವ ಎಲ್ಲರಿಗೂ ಭೌತಶಾಸ್ತ್ರದ ನಿಯಮಗಳು ಒಂದೇ. ಕಿಟಕಿ ಮುಚ್ಚಿದ ಬಂಡಿ ಕುಲುಕದೆ ಓಡುತ್ತಿದ್ದರೆ, ಒಳಗೆ ಯಾವ ಪ್ರಯೋಗ ಮಾಡಿದರೂ ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗುವುದಿಲ್ಲ. ಎರಡು: ಬೆಳಕಿನ ವೇಗ ಎಲ್ಲರಿಗೂ ಒಂದೇ, ದೀಪ ಓಡುತ್ತಿದ್ದರೂ ಸರಿ, ನೀವು ಓಡುತ್ತಿದ್ದರೂ ಸರಿ.

ಎರಡನೆಯದು ಗಂಟಲಲ್ಲಿ ಇಳಿಯುವುದು ಕಷ್ಟ. ಓಡುವ ಬಸ್ಸಿನಿಂದ ಮುಂದಕ್ಕೆ ಎಸೆದ ಚೆಂಡಿಗೆ ಬಸ್ಸಿನ ವೇಗವೂ ಸೇರುತ್ತದೆ, ಬೆಳಕಿಗೆ ಯಾಕೆ ಸೇರಬಾರದು? ಜಿನೀವಾ ಹತ್ತಿರದ ಕಣಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ 1964ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲೇ ಓಡುತ್ತಿದ್ದ ಪಯಾನ್ ಅನ್ನುವ ಕಣಗಳು ಒಡೆದು, ಮುಂದಕ್ಕೆ ಗಾಮಾ ಕಿರಣ ಬಿಟ್ಟವು. ಗಾಮಾ ಕಿರಣವೂ ಬೆಳಕೇ. ವೇಗಗಳು ಕೂಡಿಕೊಳ್ಳುವುದಾದರೆ ಅದು ಸುಮಾರು ಎರಡು ಪಟ್ಟು ಬರಬೇಕಿತ್ತು. ಬಂದಿದ್ದು ಸೆಕೆಂಡಿಗೆ ಮೂರು ಲಕ್ಷ ಕಿ.ಮೀ., ಎಂದಿನಂತೆ.

ಹಂತ 3: ಮೇಸ್ತ್ರಿಯ ದಾರ, ಬೆಳಕಿನ ಗಡಿಯಾರ

ಮನೆಗೆ ಪಾಯ ಹಾಕುವಾಗ ಮೇಸ್ತ್ರಿ ಮೂಲೆ ಸರಿಯಾಗಿದೆಯಾ ಅಂತ ಹೇಗೆ ನೋಡುತ್ತಾರೆ ಗೊತ್ತಲ್ವಾ? ಒಂದು ಕಡೆ ಮೂರು ಅಡಿಗೆ ಗುರುತು, ಇನ್ನೊಂದು ಕಡೆ ನಾಲ್ಕು ಅಡಿಗೆ ಗುರುತು. ನಡುವೆ ದಾರ ಹಿಡಿದರೆ ಸರಿಯಾಗಿ ಐದು ಅಡಿ ಬರಬೇಕು. ಟೈಮ್ ಡೈಲೇಶನ್‌ಗೆ ಬೇಕಾದ ಗಣಿತ ಇಷ್ಟೇ. ಜೊತೆಗೆ ಒಂದು ಅನುಕೂಲವೂ ಇದೆ: ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ, ಹತ್ತಿರ ಹತ್ತಿರ ಒಂದು ಅಡಿ ಹೋಗುತ್ತದೆ.

ತಮ್ಮ ನೌಕೆಯಲ್ಲಿದ್ದಾನೆ, ಅಕ್ಕ ನೆಲದ ಮೇಲಿದ್ದಾಳೆ. ತಮ್ಮನ ನೌಕೆಯಲ್ಲಿ ನೆಲಹಾಸಿಗೆ ಒಂದು ದೀಪ, ನೇರ ಮೇಲೆ ನಾಲ್ಕು ಅಡಿ ಎತ್ತರದಲ್ಲಿ ಒಂದು ಕನ್ನಡಿ. ಬೆಳಕು ಮೇಲೆ ಹೋಗಲು ಅವನ ಪ್ರಕಾರ 4 ನ್ಯಾನೊಸೆಕೆಂಡ್. ಇದೇ ಅವನ ಗಡಿಯಾರದ ಒಂದು ಟಿಕ್.

ಈಗ ಹಾಳೆ ತೆಗೆದುಕೊಂಡು ಅಕ್ಕನ ಕಡೆಯಿಂದ ಚಿತ್ರ ಬರೆಯಿರಿ. ಬೆಳಕು ಮೇಲೇರುವಷ್ಟರಲ್ಲಿ ನೌಕೆ ಮುಂದೆ ಹೋಗಿದೆ. ಹಾಗಾಗಿ ಬೆಳಕಿನ ದಾರಿ ಓರೆ. ಬೆಳಕು 5 ಅಡಿ ಓರೆಯಾಗಿ ಹೋದರೆ, ಅದೇ ಹೊತ್ತಿನಲ್ಲಿ ನೌಕೆ ಅದರ 0.6 ಪಾಲು, ಅಂದರೆ 3 ಅಡಿ ಮುಂದೆ ಹೋಗುತ್ತದೆ. ಎತ್ತರ ನಾಲ್ಕು, ಅಡ್ಡ ಮೂರು, ಓರೆ ಐದು. ಬೆಳಕಿನ ವೇಗ ಅಕ್ಕನಿಗೂ ಒಂದೇ ಆದ್ದರಿಂದ ಅವಳ ಲೆಕ್ಕದಲ್ಲಿ ಹಿಡಿದಿದ್ದು 5 ನ್ಯಾನೊಸೆಕೆಂಡ್. ಅದೇ ಬೆಳಕು, ಅದೇ ಕನ್ನಡಿ. ಅವನಿಗೆ ನಾಲ್ಕು, ಇವಳಿಗೆ ಐದು.

ಇಲ್ಲಿ ಎರಡು ಅನುಮಾನ ಬರಬೇಕು. ಬಂದಿಲ್ಲ ಅಂದರೆ ಇನ್ನೊಂದು ಸಲ ಓದಿ.

ಮೊದಲನೆಯದು, ಕನ್ನಡಿಯ ಎತ್ತರ ಇಬ್ಬರಿಗೂ ನಾಲ್ಕೇ ಅಡಿ ಅಂತ ಹೇಗೆ ಹೇಳುವುದು? ಇಬ್ಬರೂ ನಾಲ್ಕಡಿ ಕೋಲೊಂದನ್ನು ನೆಟ್ಟಗೆ ಹಿಡಿದು, ತುದಿಗೆ ಸುಣ್ಣದ ಕಡ್ಡಿ ಕಟ್ಟಿ, ಒಬ್ಬರ ಕೋಲಿಗೆ ಒಬ್ಬರು ತಾಗಿಸಿಕೊಂಡು ಹೋಗಲಿ. ಓಡುವ ಕೋಲು ಗಿಡ್ಡ ಆಗುವುದಾದರೆ ಅವನ ಕಡ್ಡಿ ಅವಳ ಕೋಲಿನ ತುದಿಗಿಂತ ಕೆಳಗೆ ಗೆರೆ ಎಳೆಯಬೇಕು. ಆದರೆ ಅವನ ದೃಷ್ಟಿಯಲ್ಲಿ ಓಡುತ್ತಿರುವುದು ಅವಳ ಕೋಲು, ಹಾಗಾಗಿ ಗೆರೆ ಇವನ ಕೋಲಿನ ಮೇಲೆ ಬೀಳಬೇಕು. ಬಿದ್ದ ಗೆರೆ ಅಳಿಸಿಹೋಗುವುದಿಲ್ಲ, ನಿಲ್ಲಿಸಿ ಇಬ್ಬರೂ ಒಟ್ಟಿಗೆ ನೋಡಬಹುದು. ಎರಡೂ ನಿಜ ಆಗುವುದಕ್ಕೆ ಸಾಧ್ಯ ಇಲ್ಲ. ಆದ್ದರಿಂದ ಅಡ್ಡಗಟ್ಟಿದ ದಿಕ್ಕಿನ ಉದ್ದ ಬದಲಾಗುವುದಿಲ್ಲ.

ಎರಡನೆಯದು, ಬೆಳಕಿನ ಗಡಿಯಾರ ನಿಧಾನ ಆದರೆ ಆಗಲಿ, ಕೈಗಡಿಯಾರಕ್ಕೂ ನಾಡಿಬಡಿತಕ್ಕೂ ಏನು ಸಂಬಂಧ? ಸಂಬಂಧ ಇದೆ. ನೌಕೆಯೊಳಗೆ ಬೆಳಕಿನ ಗಡಿಯಾರವೂ ಕೈಗಡಿಯಾರವೂ ತಾಳ ತಪ್ಪಿದರೆ, ಕಿಟಕಿ ತೆರೆಯದೆಯೇ "ನಾವು ಓಡುತ್ತಿದ್ದೇವೆ" ಅಂತ ತಮ್ಮ ಹೇಳಿಬಿಡಬಹುದು. ಮೊದಲ ಆಧಾರವೇ ಮುರಿಯುತ್ತದೆ. ಹಾಗಾಗಿ ನಿಧಾನ ಆದರೆ ಎಲ್ಲವೂ ಒಂದೇ ಸಮ ನಿಧಾನ: ಕೂದಲು ಬೆಳೆಯುವುದು, ಹಾಲು ಹೆಪ್ಪಾಗುವುದು, ಎಲ್ಲ.

ಹಂತ 4: ಸೂತ್ರ

ಇದು ಬೇಗ ಮುಗಿಯುತ್ತದೆ. ಓಡುವವರ ವೇಗವನ್ನು ಬೆಳಕಿನ ವೇಗದ ಪಾಲಾಗಿ ಬರೆಯಿರಿ (0.6). ವರ್ಗ ಮಾಡಿ (0.36). ಒಂದರಿಂದ ಕಳೆಯಿರಿ (0.64). ವರ್ಗಮೂಲ ತೆಗೆಯಿರಿ (0.8). ಓಡುವ ಗಡಿಯಾರ ಇಷ್ಟು ಪಾಲು ವೇಗದಲ್ಲಿ ನಡೆಯುತ್ತದೆ. ಒಂದನ್ನು ಇದರಿಂದ ಭಾಗಿಸಿದರೆ 1.25, ಅದಕ್ಕೆ ಗಾಮಾ ಅಂತ ಹೆಸರು.

ವಿಮಾನದಂಥ ಸಣ್ಣ ವೇಗಕ್ಕೆ ಈ ದಾರಿ ಹಿಡಿದರೆ ಕ್ಯಾಲ್ಕುಲೇಟರ್ ಸುಮ್ನೆ 1 ಅಂತ ತೋರಿಸಿಬಿಡಬಹುದು. ಆಗ ಪಾಲಿನ ವರ್ಗವನ್ನು ಎರಡರಿಂದ ಭಾಗಿಸಿ, ಕಳೆದ ಹೊತ್ತಿನಿಂದ ಗುಣಿಸಿ. ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹತ್ತು ಗಂಟೆ ಹಾರಿದರೆ, ವೇಗದಿಂದಾಗುವ ವ್ಯತ್ಯಾಸ ಸುಮಾರು 12 ನ್ಯಾನೊಸೆಕೆಂಡ್.

ಹಂತ 5: ಹಾಗಾದರೆ ಯಾರದು ನಿಧಾನ?

"ಅಕ್ಕಾ, ನೀನೇ ಹಿಂದಕ್ಕೆ ಓಡ್ತಿದ್ದೀಯ, ನಿನ್ನ ಗಡಿಯಾರನೇ ನಿಧಾನ." "ಇಲ್ಲ ಕಣೋ, ನಿಂದೇ." ಇಬ್ಬರ ಮಾತೂ ಸರಿ. ಹೇಗೆ ಅಂತ ಅಂಕಿ ಇಟ್ಟು ನೋಡೋಣ. ಇಲ್ಲಿ ನಿಧಾನವಾಗಿ ಹೋಗಿ, ಅವಸರ ಬೇಡ.

ಅಕ್ಕನ ನೆಲದ ಮೇಲೆ ಎರಡು ಕಂಬ. ಮೊದಲ ಕಂಬದಿಂದ ಕೊನೆ ಕಂಬಕ್ಕೆ ಬೆಳಕು 3 ನಿಮಿಷದಲ್ಲಿ ಹೋಗುವಷ್ಟು ದೂರ, ಅಂದರೆ 5.4 ಕೋಟಿ ಕಿ.ಮೀ. ಇದನ್ನು 3 ಬೆಳಕು-ನಿಮಿಷ ಅನ್ನೋಣ. ಎರಡೂ ಗಡಿಯಾರ ಅಕ್ಕನ ಲೆಕ್ಕದಲ್ಲಿ ಒಂದೇ ಸಮ ಇವೆ. ತಮ್ಮ ಮೊದಲ ಕಂಬ ದಾಟುವಾಗ ಕಂಬದ ಗಡಿಯಾರದಲ್ಲಿ 12:00, ಅವನ ಗಡಿಯಾರದಲ್ಲೂ 12:00.

ಅಕ್ಕನ ಲೆಕ್ಕ: ದೂರ 3, ವೇಗ 0.6, ಹಿಡಿದ ಹೊತ್ತು 5 ನಿಮಿಷ. ಕೊನೆ ಕಂಬದ ಗಡಿಯಾರ 12:05 ತೋರಿಸುತ್ತದೆ. ತಮ್ಮನ ಗಡಿಯಾರ 0.8 ಪಾಲು ನಡೆದಿದೆ, 12:04. ಕೊನೆ ಕಂಬದ ಪಕ್ಕ ಹಾದುಹೋಗುವಾಗ ಫೋಟೊ ತೆಗೆದರೆ ಎರಡೂ ಮುಖ ಒಂದೇ ಚಿತ್ರದಲ್ಲಿ ಬರುತ್ತವೆ: ಕಂಬದ್ದು 12:05, ಅವನದು 12:04. ಈ ಫೋಟೊವನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ.

ತಮ್ಮನ ಲೆಕ್ಕ: ನಾನು ನಿಂತಿದ್ದೇನೆ, ಕಂಬಗಳು ನನ್ನ ಕಡೆ ಓಡಿ ಬರುತ್ತಿವೆ. ಓಡುವ ಕಂಬಗಳ ನಡುವಿನ ದೂರ ಕುಗ್ಗಿದೆ (ಓಟದ ದಿಕ್ಕಿನ ಉದ್ದವೂ ಅದೇ 0.8 ಪಾಲಾಗುತ್ತದೆ), 3 ಅಲ್ಲ, 2.4 ಬೆಳಕು-ನಿಮಿಷ. 0.6ರ ವೇಗದಲ್ಲಿ ಅದು ದಾಟಲು 4 ನಿಮಿಷ, ಸರಿಯಾಗಿದೆ. ಆದರೆ ಅವನ ಪ್ರಕಾರ ಕಂಬದ ಗಡಿಯಾರಗಳೇ ನಿಧಾನ. ಅವನ 4 ನಿಮಿಷದಲ್ಲಿ ಅವು ನಡೆಯಬೇಕಾದದ್ದು 4 × 0.8 = 3.2 ನಿಮಿಷ, ಅಂದರೆ 3 ನಿಮಿಷ 12 ಸೆಕೆಂಡ್ ಅಷ್ಟೇ.

ಮತ್ತೆ ಫೋಟೊದಲ್ಲಿ 12:05 ಎಲ್ಲಿಂದ ಬಂತು?

ಉತ್ತರ ಹೀಗೆ: ತಮ್ಮ ಮೊದಲ ಕಂಬದ ಪಕ್ಕ ಇದ್ದಾಗ, ಅವನ ಲೆಕ್ಕದಲ್ಲಿ ಕೊನೆ ಕಂಬದ ಗಡಿಯಾರ 12:00 ತೋರಿಸುತ್ತಿರಲೇ ಇಲ್ಲ. ಅದು ಆಗಲೇ 1 ನಿಮಿಷ 48 ಸೆಕೆಂಡ್ ಮುಂದಿತ್ತು. 1:48ಕ್ಕೆ 3:12 ಕೂಡಿಸಿ. ಸರಿಯಾಗಿ 5:00.

"ಮುಂದಿತ್ತು" ಅನ್ನುವುದು ಲೆಕ್ಕ ಸರಿಹೋಗಲಿ ಅಂತ ತಂದು ತುರುಕಿದ್ದಲ್ಲ. ಅಕ್ಕ ಎರಡು ಗಡಿಯಾರ ಹೊಂದಿಸಿದ್ದು ಹೇಗೆ ಅಂತ ನೋಡಿ. ಎರಡು ಕಂಬದ ಸರಿ ನಡುವೆ ದೀಪ ಮಿಂಚಿಸಿದಳು, ಬೆಳಕು ತಲುಪಿದ ಕೂಡಲೇ ಗಡಿಯಾರ ಶುರು. ಅವಳಿಗೆ ಎರಡೂ ಒಟ್ಟಿಗೇ ಶುರುವಾದವು. ತಮ್ಮ ನೋಡಿದರೆ, ಕೊನೆ ಕಂಬ ಬೆಳಕಿಗೆ ಎದುರಾಗಿ ಓಡಿ ಬರುತ್ತಿದೆ, ಮೊದಲ ಕಂಬ ಬೆಳಕಿನಿಂದ ತಪ್ಪಿಸಿಕೊಂಡು ಓಡುತ್ತಿದೆ. ದೀಪದಿಂದ ಒಂದೊಂದು ಕಡೆಗೂ 1.2 ಬೆಳಕು-ನಿಮಿಷ. ಎದುರು ಬರುವ ಕಂಬವನ್ನು ಬೆಳಕು 1.2 ÷ 1.6 = 0.75 ನಿಮಿಷದಲ್ಲಿ ಮುಟ್ಟುತ್ತದೆ. ಓಡುವ ಕಂಬವನ್ನು ಹಿಡಿಯಲು 1.2 ÷ 0.4 = 3 ನಿಮಿಷ ಬೇಕು. ವ್ಯತ್ಯಾಸ 2.25 ನಿಮಿಷ. ಅಷ್ಟು ಹೊತ್ತು ಕೊನೆ ಕಂಬದ ಗಡಿಯಾರ 0.8ರ ನಿಧಾನಗತಿಯಲ್ಲೇ ಓಡಿದೆ: 2.25 × 0.8 = 1.8 ನಿಮಿಷ. ಅದೇ 1 ನಿಮಿಷ 48 ಸೆಕೆಂಡ್! ಮೊದಲ ಸಲ ಈ ಅಂಕಿ ಕೂಡಿಬಂದಾಗ ನಾನು ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತಿದ್ದೆ. ಬೆಳಕಿನ ವೇಗ ಎಲ್ಲರಿಗೂ ಒಂದೇ ಅಂದ ಮೇಲೆ, "ಒಂದೇ ಹೊತ್ತಿಗೆ" ಅನ್ನುವ ಮಾತು ಎಲ್ಲರಿಗೂ ಒಂದೇ ಆಗಿ ಉಳಿಯುವುದಿಲ್ಲ.

ಇಷ್ಟರಲ್ಲಿ ಒಂದು ಸಂಗತಿ ಗಮನಿಸಿದಿರಾ? ತಮ್ಮನ ಕಡೆ ಇದ್ದದ್ದು ಒಂದೇ ಗಡಿಯಾರ, ಎರಡೂ ಕಂಬದ ಹತ್ತಿರ ಅದೇ ಇತ್ತು. ಅಕ್ಕನ ಕಡೆ ಎರಡು ಬೇರೆ ಬೇರೆ ಗಡಿಯಾರ. ಕಡಿಮೆ ತೋರಿಸಿದ್ದು ಒಂಟಿ ಗಡಿಯಾರ. ಇದನ್ನು ತಿರುಗಿಸಿ, ತಮ್ಮನ ಹಿಂದೆ ನೌಕೆಗಳ ಸಾಲು ಕಟ್ಟಿ, ಪ್ರತಿಯೊಂದರಲ್ಲೂ ಅವನ ಲೆಕ್ಕಕ್ಕೆ ಹೊಂದಿಸಿದ ಗಡಿಯಾರ ಇಟ್ಟು, ಅಕ್ಕನ ಒಂದೇ ಕಂಬವನ್ನು ಆ ಸಾಲು ದಾಟಿ ಹೋಗಲಿ. ಈಗ ಅಕ್ಕನದು ಒಂಟಿ, ಕಡಿಮೆ ತೋರಿಸುವುದೂ ಅವಳದೇ. ಹಾಗಾಗಿ "ಯಾರು ಓಡುತ್ತಿದ್ದಾರೆ" ಅಂತ ಕೇಳಬೇಡಿ. "ಯಾರ ಗಡಿಯಾರ ಒಂಟಿ" ಅಂತ ಕೇಳಿ. ಇಬ್ಬರೂ ಜಗಳ ಆಡುತ್ತಿದ್ದದ್ದು ಒಂದೇ ಅಳತೆಯ ಬಗ್ಗೆ ಅಲ್ಲ, ಎರಡು ಬೇರೆ ಅಳತೆಗಳ ಬಗ್ಗೆ.

ಹಂತ 6: ಆಕಾಶದಿಂದ ಬೀಳುವ ಒಂಟಿ ಗಡಿಯಾರ

ನೀವು ಇದನ್ನು ಓದುತ್ತಿರುವಾಗಲೂ ನಿಮ್ಮ ಮೈಯೊಳಗೆ ಅತಿಸಣ್ಣ ಕಣಗಳಾದ ಮ್ಯೂಆನ್‌ಗಳು ಹಾದುಹೋಗುತ್ತಿವೆ. ಬಾಹ್ಯಾಕಾಶದಿಂದ ಬರುವ ಕಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ, ಸುಮಾರು 15 ಕಿ.ಮೀ. ಎತ್ತರದಲ್ಲಿ, ಇವು ಹುಟ್ಟುತ್ತವೆ. ನಿಂತ ಮ್ಯೂಆನ್‌ನ ಸರಾಸರಿ ಆಯಸ್ಸು, ಅಂದರೆ ತಾನಾಗಿ ಒಡೆಯುವ ಮುನ್ನ ಬಾಳುವ ಹೊತ್ತು, 2.2 ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರೊಸೆಕೆಂಡ್). ಅಷ್ಟರಲ್ಲಿ ಬೆಳಕು ಕೂಡ 660 ಮೀಟರ್ ಹೋಗುತ್ತದೆ ಅಷ್ಟೇ. 15 ಕಿ.ಮೀ. ಇಳಿದು ನಮ್ಮ ತನಕ ಹೇಗೆ ಬಂದವು?

ತಾನಾಗಿ ಒಡೆಯುವ ಇಂಥ ಕಣವೇ ಒಂದು ಗಡಿಯಾರ, ಓಡುವಾಗ ಅದರ ಆಯಸ್ಸು ಹೆಚ್ಚಬೇಕು ಅಂತ 1938ರಲ್ಲೇ ಬರೆದವರು ಹೋಮಿ ಭಾಭಾ. ಆಗ ಅವರು ಕೇಂಬ್ರಿಡ್ಜ್‌ನಲ್ಲಿದ್ದರು. ಮರುವರ್ಷ ರಜೆಗೆ ಬಂದಾಗ ಯುದ್ಧ ಶುರುವಾಗಿ ಇಲ್ಲೇ ಉಳಿದರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಮುಂದೆ 1950ರ ದಶಕದ ಆರಂಭದಲ್ಲಿ, ನಂಜನಗೂಡಿನ ಕಡೆಯವರಾದ ಬಿ.ವಿ. ಶ್ರೀಕಂಠನ್ ಭಾಭಾ ಅವರ ಮಾರ್ಗದರ್ಶನದಲ್ಲಿ ಕೋಲಾರದ ಚಿನ್ನದ ಗಣಿಗೆ ಉಪಕರಣ ಇಳಿಸಿ, ಬೇರೆ ಬೇರೆ ಆಳದಲ್ಲಿ ಮ್ಯೂಆನ್‌ಗಳನ್ನು ಎಣಿಸಿದರು. ಈ ಕಣದ ಜೊತೆ ನಮ್ಮ ನೆಲದ ನಂಟು ಹಳೆಯದು.

ಎಣಿಕೆಯನ್ನು ನಾವೇ ಮಾಡಿ ನೋಡಲು ಚೆನ್ನಾಗಿರುವುದು ಅಮೆರಿಕದಲ್ಲಿ ಫ್ರಿಶ್ ಮತ್ತು ಸ್ಮಿತ್ ಮಾಡಿದ ಪ್ರಯೋಗ. ಫಲಿತಾಂಶ ಪ್ರಕಟವಾಗಿದ್ದು 1963ರಲ್ಲಿ. ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ, ಬೆಳಕಿನ ವೇಗದ ಸುಮಾರು 0.995 ಪಾಲಿನಲ್ಲಿ ಬರುವ ಮ್ಯೂಆನ್‌ಗಳನ್ನಷ್ಟೇ ಆರಿಸಿ ಎಣಿಸಿದರು. ಗಂಟೆಗೆ 563 ಸಿಕ್ಕವು. ಆಮೇಲೆ 1,907 ಮೀಟರ್ ಕೆಳಗೆ, ಸಮುದ್ರಮಟ್ಟದ ಹತ್ತಿರ ಎಣಿಸಿದರು.

ಲೆಕ್ಕ ಹಾಕಿ. ಅಷ್ಟು ದೂರ ಇಳಿಯಲು 6.4 ಮೈಕ್ರೊಸೆಕೆಂಡ್, ಹತ್ತಿರ ಹತ್ತಿರ ಮೂರು ಆಯಸ್ಸು. ಹಿಗ್ಗುವಿಕೆ ಇಲ್ಲದಿದ್ದರೆ 563ರಲ್ಲಿ ಉಳಿಯಬೇಕಾದದ್ದು ಸುಮಾರು 30. ಸಿಕ್ಕಿದ್ದು 408! ಅಷ್ಟು ಉಳಿಯಬೇಕಾದರೆ ಮ್ಯೂಆನ್‌ನ ಸ್ವಂತ ಗಡಿಯಾರದಲ್ಲಿ ಕಳೆದಿರಬೇಕಾದ ಹೊತ್ತು ಸುಮಾರು 0.7 ಮೈಕ್ರೊಸೆಕೆಂಡ್. 6.4ಕ್ಕೆ 0.7, ಅಂದರೆ ಸುಮಾರು ಒಂಬತ್ತು ಪಟ್ಟು. ಸೂತ್ರಕ್ಕೆ 0.995 ಹಾಕಿದರೆ ಹತ್ತು ಬರುತ್ತದೆ. ಗಾಳಿಯಲ್ಲಿ ಇಳಿಯುತ್ತಾ ಅವು ಸ್ವಲ್ಪ ವೇಗ ಕಳೆದುಕೊಳ್ಳುತ್ತವೆ, ಹಾಗಾಗಿ ಹತ್ತಕ್ಕಿಂತ ಕಡಿಮೆ ಬರುವುದು ಸರಿಯೇ.

ಇಲ್ಲಿ ಒಂಟಿ ಯಾರು? ಮ್ಯೂಆನ್. ಬೆಟ್ಟದ ಮೇಲೊಂದು, ಕೆಳಗೊಂದು ಅಂತ ಎರಡು ಗಡಿಯಾರ ನಮ್ಮವು. ಮ್ಯೂಆನ್ ಕಡೆಯಿಂದ ನೋಡಿದರೆ ಅದರ ಆಯಸ್ಸು ಎಂದಿನ 2.2 ಮೈಕ್ರೊಸೆಕೆಂಡೇ. ಬೆಟ್ಟದ ಎತ್ತರವೇ ಕುಗ್ಗಿ ಸುಮಾರು 200 ಮೀಟರ್ ಆಗಿದೆ. ಎರಡೂ ದಾರಿಯಲ್ಲಿ ಕೆಳಗೆ ತಲುಪುವ ಎಣಿಕೆ ಒಂದೇ.

ಹಂತ 7: ಹೋಗಿ ವಾಪಸ್ ಬಂದರೆ

ಈಗ ಅಕ್ಕ ತಮ್ಮ ಅವಳಿಗಳು ಅಂದುಕೊಳ್ಳಿ. ತಮ್ಮ 0.6ರ ವೇಗದಲ್ಲಿ 3 ಬೆಳಕು-ವರ್ಷ ದೂರ ಹೋಗಿ ಕೂಡಲೇ ತಿರುಗಿ ಬರುತ್ತಾನೆ. ಅಕ್ಕನಿಗೆ 5 ಮತ್ತು 5, ಒಟ್ಟು 10 ವರ್ಷ. ತಮ್ಮನಿಗೆ 4 ಮತ್ತು 4, ಒಟ್ಟು 8. "ತಮ್ಮನ ಕಡೆಯಿಂದ ಓಡಿದ್ದು ಅಕ್ಕ ಅಲ್ವಾ, ಅವಳೇ ಚಿಕ್ಕವಳಾಗಬೇಕಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಇದನ್ನು ಇತ್ಯರ್ಥ ಮಾಡಲು ವಾದ ಬೇಡ, ಎಣಿಕೆ ಸಾಕು. ಇಬ್ಬರೂ ಅವರವರ ಗಡಿಯಾರದ ಪ್ರಕಾರ ವರ್ಷಕ್ಕೊಂದು ಸಲ ದೀಪ ಮಿಂಚಿಸಲಿ.

ದೂರ ಹೋಗುವಾಗ ದೀಪ ಎಷ್ಟು ವರ್ಷಕ್ಕೊಮ್ಮೆ ಕಾಣುತ್ತದೆ? ತಮ್ಮನ ಒಂದು ವರ್ಷ ಅಂದರೆ ಅಕ್ಕನ 1.25 ವರ್ಷ. ಅಷ್ಟರಲ್ಲಿ ಅವನು 0.75 ಬೆಳಕು-ವರ್ಷ ಇನ್ನೂ ದೂರ ಹೋಗಿದ್ದಾನೆ. ಕೂಡಿಸಿದರೆ 2. ಹತ್ತಿರ ಬರುವಾಗ ಕಳೆಯಬೇಕು, ಅರ್ಧ ವರ್ಷ. ಇಬ್ಬರಿಗೂ ಇದೇ ನಿಯಮ, ಇಲ್ಲಿಯವರೆಗೆ ಯಾವ ಭೇದವೂ ಇಲ್ಲ.

ತಮ್ಮ ಎಣಿಸಲಿ, ಅಕ್ಕನ ಮಿಂಚುಗಳನ್ನು. ಹೋಗುವ 4 ವರ್ಷದಲ್ಲಿ ಎರಡು ವರ್ಷಕ್ಕೊಂದರಂತೆ 2 ಮಿಂಚು. ತಿರುಗಿದ ಕೂಡಲೇ ವೇಗವಾಗಿ ಬರಲು ಶುರು, 4 ವರ್ಷದಲ್ಲಿ 8. ಒಟ್ಟು 10.

ಅಕ್ಕ ಎಣಿಸಲಿ, ತಮ್ಮನ ಮಿಂಚುಗಳನ್ನು. ಅವನು ತಿರುಗಿದ್ದು ಅವಳ 5ನೇ ವರ್ಷದ ಕೊನೆಗೆ. ಆದರೆ ಆ ಬೆಳಕು ಬರಲು ಇನ್ನೂ 3 ವರ್ಷ ಬೇಕು. ಹಾಗಾಗಿ 8 ವರ್ಷದವರೆಗೂ ಎರಡು ವರ್ಷಕ್ಕೊಂದೇ, 4 ಮಿಂಚು. ಉಳಿದ 2 ವರ್ಷದಲ್ಲಿ 4. ಒಟ್ಟು 8.

ಭೇದ ಎಲ್ಲಿದೆ ಅಂತ ಈಗ ಬೆರಳಿಟ್ಟು ತೋರಿಸಬಹುದು. ತಮ್ಮ ತಿರುಗಿದ ಕೂಡಲೇ ಬದಲಾವಣೆ ಕಂಡ, ತನ್ನ ಪ್ರಯಾಣದ ಸರಿ ಅರ್ಧದಲ್ಲಿ. ಅಕ್ಕನಿಗೆ ಅದು ಕಂಡಿದ್ದು ಹತ್ತರಲ್ಲಿ ಎಂಟು ವರ್ಷ ಕಳೆದ ಮೇಲೆ. ಕಂಬಗಳ ಭಾಷೆಯಲ್ಲಿ ಹೇಳುವುದಾದರೆ, ಹೋಗುವಾಗ ತಮ್ಮನ ಜೊತೆಗಿದ್ದ ಗಡಿಯಾರಗಳ ಸಾಲೇ ಬೇರೆ, ಬರುವಾಗಿನ ಸಾಲೇ ಬೇರೆ. ಹೋಗುವ ಸಾಲಿನ ಪ್ರಕಾರ ತಿರುಗುವ ಹೊತ್ತಿಗೆ ಅಕ್ಕನಿಗೆ ಕಳೆದಿದ್ದು 3.2 ವರ್ಷ, ಬರುವ ಸಾಲಿನ ಪ್ರಕಾರ 6.8. ನಡುವಿನ 3.6 ವರ್ಷ ಮರೆತವರಿಗೆ ಉತ್ತರ ತಪ್ಪುತ್ತದೆ.

ತಿರುಗುವಾಗಿನ ಎಳೆತವೇ ಗಡಿಯಾರವನ್ನು ನಿಧಾನ ಮಾಡುತ್ತದೆ ಅಂತ ಕೆಲವರು ವಿವರಿಸುತ್ತಾರೆ, ಅದು ಸರಿಯಲ್ಲ. ಸರ್ನ್‌ನಲ್ಲಿ ಮ್ಯೂಆನ್‌ಗಳನ್ನು 14 ಮೀಟರ್ ಅಗಲದ ಉಂಗುರದಲ್ಲಿ ಸುತ್ತು ಹೊಡೆಸಿದರು, ಗಾಮಾ 29.3. ಅವು ಹೊರಟ ಜಾಗಕ್ಕೇ ಮತ್ತೆ ಮತ್ತೆ ವಾಪಸ್ ಬರುತ್ತಿದ್ದವು, ನಮ್ಮ ತಮ್ಮನ ಹಾಗೆ. 1977ರಲ್ಲಿ ಪ್ರಕಟವಾದ ಅಳತೆಯಲ್ಲಿ ಅವುಗಳ ಆಯಸ್ಸು 64.4 ಮೈಕ್ರೊಸೆಕೆಂಡ್. 2.2 ಅನ್ನು 29.3ರಿಂದ ಗುಣಿಸಿ ನೋಡಿ. ಭೂಮಿಯ ಗುರುತ್ವಕ್ಕಿಂತ ಕೋಟಿ ಕೋಟಿ ಪಟ್ಟು ಜಾಸ್ತಿ ಎಳೆತ ಇದ್ದರೂ, ವೇಗದ ಸೂತ್ರ ಹೇಳಿದ್ದಕ್ಕಿಂತ ಬೇರೆ ಏನೂ ಬರಲಿಲ್ಲ.

ಜಿಪಿಎಸ್ ಉದಾಹರಣೆ ಕೊಡುವಾಗ ಮಾತ್ರ ಹುಷಾರು. ಅಲ್ಲಿ ವೇಗದಿಂದ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಗುರುತ್ವ ಕಡಿಮೆ ಇರುವ ಎತ್ತರದಲ್ಲಿರುವುದರಿಂದ 45 ಮೈಕ್ರೊಸೆಕೆಂಡ್ ಮುಂದೆ ಹೋಗುತ್ತದೆ. ಒಟ್ಟು 38 ಮುಂದೆ. ಎರಡನೆಯದು ಸಾಮಾನ್ಯ ಸಾಪೇಕ್ಷತೆಯ, ಅಂದರೆ ಐನ್‌ಸ್ಟೈನ್‌ನ ಗುರುತ್ವ ಸಿದ್ಧಾಂತದ ವಿಷಯ, ಈ ಬರಹದ ಸೂತ್ರದಿಂದ ಸಿಗುವುದಿಲ್ಲ.

ಹಂತ 8: ನೀವೇ ಮಾಡಿ

ಹೊಸ ಹಾಳೆ ತೆಗೆದುಕೊಂಡು ವೇಗವನ್ನು 0.8 ಮಾಡಿ. ಅದೇ ಮೇಸ್ತ್ರಿಯ ತ್ರಿಕೋನ, ಈ ಸಲ ಅಡ್ಡ ನಾಲ್ಕು, ಎತ್ತರ ಮೂರು. ಕಂಬಗಳ ನಡುವೆ 4 ಬೆಳಕು-ನಿಮಿಷ ಇಡಿ. ಅಕ್ಕನಿಗೆ 5 ನಿಮಿಷ, ತಮ್ಮನಿಗೆ 3 ನಿಮಿಷ ಬರಬೇಕು. ತಮ್ಮನ ಲೆಕ್ಕದಲ್ಲಿ ಕೊನೆ ಕಂಬದ ಗಡಿಯಾರ ಮೊದಲೇ 3.2 ನಿಮಿಷ ಮುಂದಿರಬೇಕು. ನಡುವಿನ ದೀಪದ ಲೆಕ್ಕದಿಂದಲೂ ಅದೇ 3.2 ಬಂದರೆ ನಿಮಗೆ ಹಂತ 5 ಕೈವಶ ಆಗಿದೆ ಅಂತ ಅರ್ಥ. ಅವಳಿಗಳ ಲೆಕ್ಕದಲ್ಲಿ ದೂರ 4 ಬೆಳಕು-ವರ್ಷ, ಮಿಂಚು ಕಾಣುವುದು ಹೋಗುವಾಗ ಮೂರು ವರ್ಷಕ್ಕೊಮ್ಮೆ, ಬರುವಾಗ ವರ್ಷಕ್ಕೆ ಮೂರು. ತಮ್ಮನ ಎಣಿಕೆ 1 ಮತ್ತು 9, ಅಕ್ಕನ ಎಣಿಕೆ 3 ಮತ್ತು 3. ಬೇರೆ ಏನಾದರೂ ಬಂದರೆ, ಅಕ್ಕನಿಗೆ ತಿರುವು ಯಾವ ವರ್ಷ ಕಾಣಿಸಿತು ಅನ್ನುವುದನ್ನು ಮೊದಲು ನೋಡಿಕೊಳ್ಳಿ. ಅದು 5 ಅಲ್ಲ, 9.